ಅಡುಗೆಮನೆಯ ಮೇಲಿನ ಕೋಣೆ

ನಾನು ಇಪ್ಪತ್ತಾರು ವರ್ಷ ಮಕ್ಕಳಿಗೆ ಹೊಡೆದವಳು. ಬೆಳ್ತಂಗಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಮೇಜಿನ ಮೇಲೆ ಯಾವಾಗಲೂ ಒಂದು ನಾಗರಬೆತ್ತ ಇರುತ್ತಿತ್ತು, ಅದು ಅಲಂಕಾರಕ್ಕೆ ಇದ್ದದ್ದಲ್ಲ. ಆಮೇಲೆ ಸರಕಾರ ಹೊಡೆಯಬಾರದು ಎಂದಿತು. ಬೆತ್ತ ಒಳಗಿಟ್ಟೆ. ಕೋಪವನ್ನು ಎಲ್ಲಿಡುವುದೆಂದು ಗೊತ್ತಾಗದೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಈಗ ಲಾಯಿಲದಲ್ಲಿ ಪ್ರವಾಸ ಹೋಗುವವರಿಗೆ ಟಿಕೆಟು, ರೂಮು ಮಾಡಿಕೊಡುವ ಸಣ್ಣ ಆಫೀಸು ಇಟ್ಟಿದ್ದೇನೆ. ಮೂಕಾಂಬಿಕಾ ಟೀಚರಿಗೆ ಕೋಪ ಮೂಗಿನ ತುದಿಯಲ್ಲಿ ಎಂದು ಊರವರು ಹೇಳುತ್ತಾರೆ. ಸುಳ್ಳು. ಅದು ಅಲ್ಲಿಂದ ಯಾವತ್ತೋ ಇಳಿದು ಕೈಗೆ ಬಂದಿದೆ.

ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ಹೊಡೆತ ಬಹಳ ಬರುತ್ತದೆ. ಹೊಡೆಯುವವರನ್ನು ಬೈಯಲು ನನಗೆ ಎಷ್ಟು ಯೋಗ್ಯತೆ ಇದೆ ಎಂಬುದನ್ನು ನೀವೇ ಅಳೆದುಕೊಳ್ಳಿ.

ಶೋಧನ್ ಶೆಟ್ಟಿ ಆಫೀಸಿಗೆ ಬಂದದ್ದು ದೀಪಾವಳಿ ಕಳೆದ ವಾರ. ನಲವತ್ತೆರಡು ವರ್ಷ, ಬಂಟ್ವಾಳದಲ್ಲಿ ಎರಡು ಹೊಟೇಲು, ಇಸ್ತ್ರಿ ಮುರಿಯದ ಬಿಳಿ ಶರ್ಟು. ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮದುವೆಯಾಗಿ ಹದಿನೈದು ವರ್ಷವಾಯಿತಂತೆ, ಹೆಂಡತಿಯನ್ನು ಎಲ್ಲಾದರೂ ದೂರ ಕರೆದುಕೊಂಡು ಹೋಗಬೇಕಂತೆ.

"ಗಲಾಟೆ ಇರುವಲ್ಲಿ ಬೇಡ ಮೇಡಂ. ಶಾಂತ ಇರಬೇಕು. ದ್ವೀಪ ಆದರೆ ಒಳ್ಳೆಯದು," ಅಂದ.

ನಾನು ಫಿಲಿಪ್ಪೀನ್ಸಿನ ಕಮಿಗಿನ್ ತೋರಿಸಿದೆ. ಜ್ವಾಲಾಮುಖಿಗಳಿಂದ ಎದ್ದ ಪುಟ್ಟ ದ್ವೀಪ. ಕಾರಿನಲ್ಲಿ ಎರಡು ಗಂಟೆಯಲ್ಲಿ ಸುತ್ತು ಹಾಕಬಹುದು. ಬಿಸಿನೀರಿನ ಬುಗ್ಗೆ, ಕಪ್ಪು ಮರಳು, ಹಿಂದೆ ಬೆಟ್ಟ ಸಿಡಿದಾಗ ಸಮುದ್ರದೊಳಗೆ ಇಳಿದುಹೋದ ಒಂದು ಸ್ಮಶಾನ. ಉಳಿಯಲು ಮೂರು ಜಾಗ ಆರಿಸಿ ಇಟ್ಟಿದ್ದೆ. ಒಂದು ಬಂದರಿನ ಪೇಟೆಯ ಹೊಟೇಲು. ಇನ್ನೊಂದು, ಕಡಲಬದಿಯ ಊರಲ್ಲಿ ವಯಸ್ಸಾದ ಗಂಡ ಹೆಂಡತಿ ತಮ್ಮ ಮನೆಯಲ್ಲೇ ಬಾಡಿಗೆಗೆ ಕೊಡುವ ಕೋಣೆ, ಅವರ ಅಡುಗೆಮನೆಯ ಮೇಲೆ. ಮೂರನೆಯದು ಬೆಟ್ಟದ ಇಳಿಜಾರಿನಲ್ಲಿ ಒಂಟಿ ಮನೆ. ಕೊನೆಯ ಮೂರು ಕಿಲೋಮೀಟರು ಮಣ್ಣಿನ ದಾರಿ. ನೋಡಿಕೊಳ್ಳುವವನು ಬೆಳಿಗ್ಗೆ ಒಮ್ಮೆ ಬಂದು ಹೋದರೆ ಮತ್ತೆ ಮರುದಿನವೇ.

ಅಲ್ಲಿ ಉಳಿದು ಬಂದವರು ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಯಾರೋ ಹೊಸದಾಗಿ ಮದುವೆಯಾದವರು ತಮಾಷೆಗೆ ಬರೆದಿದ್ದರು: "ಎಷ್ಟು ನಿಶ್ಶಬ್ದ ಎಂದರೆ, ಕಿರುಚಿದರೂ ಕೇಳುವವರಿಲ್ಲ."

"ಇನ್ನೊಮ್ಮೆ ಓದಿ ಮೇಡಂ," ಅಂದ. ಓದಿದೆ. ಅವನು ನಕ್ಕ. "ಇದೇ ಇರಲಿ. ಶಶಿಗೆ ಶಾಂತಿ ಬೇಕು."

ಎಂಥ ಒಳ್ಳೆಯ ಗಂಡ ಎಂದು ನನಗೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಈಗ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳಬೇಕು.

ಮೂರು ಜಾಗದ ಪಟ್ಟಿಯನ್ನು ಅವನು ಮನೆಗೆ ಒಯ್ದಿದ್ದ, ಮರುದಿನದಿಂದ ಹೆಂಡತಿಯ ಫೋನು ಶುರುವಾಯಿತು. ಬೆಟ್ಟದ ಮನೆಯ ಗೋಡೆ ಕಲ್ಲಿನದ್ದಾ, ಹಲಗೆಯದ್ದಾ? ಹತ್ತಿರದ ಮನೆ ಎಷ್ಟು ದೂರ? ಅಲ್ಲಿ ನಾಯಿ ಉಂಟಾ, ಬೊಗಳಿದರೆ ಯಾರಾದರೂ ಬರ್ತಾರಾ? ಅಡುಗೆಮನೆಯ ಮೇಲಿನ ಕೋಣೆಗೆ ಹೊರಗಿಂದ ಮೆಟ್ಟಿಲಾ, ಒಳಗಿಂದಾ? ಮೂರು ದಿನದಲ್ಲಿ ಹನ್ನೊಂದು ಸಲ. ಹನ್ನೊಂದನೆಯದಕ್ಕೆ ನನ್ನ ತಾಳ್ಮೆ ಮುಗಿಯಿತು.

"ಎಂತ ಅಮ್ಮ, ಆ ದ್ವೀಪವನ್ನು ಕ್ರಯಕ್ಕೆ ತೆಗೆದುಕೊಳ್ಳಲಿಕ್ಕುಂಟಾ ನಿಮಗೆ? ಆರು ದಿನ ಇದ್ದು ಬರುವ ಜಾಗಕ್ಕೆ ಇಷ್ಟು ತನಿಖೆಯಾ?"

ಅವಳು ಮೆಲ್ಲ ಹೇಳಿದಳು.

"ಟೀಚರ್, ನಾನು ಶಶಿಪ್ರಭಾ. ಎಂಟನೇ ಬಿ. ಭಿನ್ನರಾಶಿ ಬಾರದ್ದಕ್ಕೆ ನೀವು ನನ್ನ ಬಲಗೈಗೆ ಆರು ಪೆಟ್ಟು ಕೊಟ್ಟಿದ್ರಿ."

ನನಗೆ ನೆನಪಿರಲಿಲ್ಲ. ಹೊಡೆದವರಿಗೆ ನೆನಪಿರುವುದಿಲ್ಲ.

"ನೀವೇ ಒಮ್ಮೆ ಮನೆಗೆ ಬರ್ತೀರಾ? ನನಗೆ ಸಂಕ ದಾಟಲಿಕ್ಕೆ ಆಗುವುದಿಲ್ಲ."

ಸಂಕ ಎಂದರೆ ಅವಳ ಊರಿನ ಹೊಳೆಯ ಸೇತುವೆ. ಮೊದಲು ಅಡಿಕೆ ಮರದ ಸಂಕ ಇತ್ತು. ಈಗ ಕಾಂಕ್ರೀಟು ಬಂದಿದೆ, ಹೆಸರು ಹಳೆಯದೇ ಉಳಿದಿದೆ. ಲಾಯಿಲದಿಂದ ಏಳು ಕಿಲೋಮೀಟರು. ನಾನು ಲ್ಯಾಪ್‌ಟಾಪು ಹಿಡಿದುಕೊಂಡು ಹೋದೆ. ಶೋಧನ್ ಹೊಟೇಲಿಗೆ ಹೋಗಿದ್ದ.

ಶಶಿ ಬಾಗಿಲಲ್ಲೇ ನಿಂತಿದ್ದಳು. ಮೂವತ್ತೆಂಟರ ಹೆಂಗಸು, ಐವತ್ತರ ನಡಿಗೆ. ನೀರು ಬೆಲ್ಲ ಕೊಡುವಾಗ ಬಲಗೈ ನೋಡಿದೆ. ಮಣಿಕಟ್ಟು ಸೊಟ್ಟ. ಮುರಿದದ್ದು ಸರಿಯಾಗಿ ಕೂಡದೆ ಒಂದು ಗಂಟು ಎದ್ದಿತ್ತು. ನಾನು ಆರು ಪೆಟ್ಟು ಕೊಟ್ಟ ಕೈ ಅದು. ನನಗೆ ಅವಳ ಮುಖ ನೋಡಲಾಗಲಿಲ್ಲ.

"ಬಾಗಿಲ ಸಂದಿಯಲ್ಲಿ ಇಟ್ಟು ಬಾಗಿಲು ಹಾಕಿದ್ದು," ಅಂದಳು, ಬೇರೆ ಯಾರದೋ ಕೈ ಎಂಬಂತೆ. "ಇವರು ಎರಡು ಸಲ ಹಾಕಿದ್ರು. ಮೊದಲ ಸಲ ಮುರಿಯಲಿಲ್ಲ."

ಅದು ಮೂರು ವರ್ಷದ ಹಿಂದಿನ ಮಾತು. ಆ ಮನೆ ಶಶಿಯದ್ದು. ಬಂಟರ ಹಳೆಯ ಕಟ್ಟಿನಂತೆ ತಾಯಿಯಿಂದ ಮಗಳಿಗೆ ಬಂದದ್ದು. ತನ್ನ ಮನೆಯನ್ನು ತಾನೇ ಬಿಟ್ಟು ಹೋಗಲು ಅವಳು ಒಪ್ಪಲಿಲ್ಲ. ಅಳಿಯನನ್ನು ಹೊರಗೆ ಹಾಕಿದರೆ ಮನೆತನಕ್ಕೆ ಮರ್ಯಾದೆ ಉಂಟಾ ಎಂದು ಅವಳ ಸೋದರಮಾವ ಮುಂಡಪ್ಪ ಶೆಟ್ಟರು ಒಪ್ಪಲಿಲ್ಲ. ಎಪ್ಪತ್ತಾರು ವರ್ಷದ ಅವರೇ ಆ ಮನೆತನದ ಯಜಮಾನರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಆ ವರ್ಷ ಮನೆಯ ದೈವಕ್ಕೆ ನೇಮ, ಅಂದರೆ ದೈವ ಮೈಮೇಲೆ ಬಂದು ನುಡಿ ಕೊಡುವ ಕೋಲ, ನಡೆಯುವಾಗ ದೈವದ ಎದುರು ಶೋಧನನನ್ನು ನಿಲ್ಲಿಸಿ, ಕೈಗೆ ಗಂಧ ಕೊಟ್ಟು ಪ್ರಮಾಣ ಮಾಡಿಸಿದರು: ಈ ದೈವದ ಮಣ್ಣಿನಲ್ಲಿ ನಾನು ಅವಳ ಮೇಲೆ ಕೈ ಎತ್ತುವುದಿಲ್ಲ.

ನಮ್ಮ ಕಡೆ ಒಂದೊಂದು ದೈವಕ್ಕೆ ಒಂದೊಂದು ಗಡಿ. ಈ ದೈವದ ಮಣ್ಣು ಪೂರ್ವಕ್ಕೆ ಗುಡ್ಡದ ಕಲ್ಲಿನ ತನಕ, ಪಶ್ಚಿಮಕ್ಕೆ ಹೊಳೆಯ ತನಕ. ಸಂಕದ ಊರ ಕಡೆಯ ತುದಿಯಲ್ಲಿ ಸುಣ್ಣ ಬಳಿದ ಗಡಿಕಲ್ಲು ಉಂಟು. ಅದರಾಚೆಗೆ ಬೇರೆ ದೈವ, ಬೇರೆ ಕಾರುಬಾರು. ಇದು ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಶೋಧನನಿಗೂ ಗೊತ್ತಿತ್ತು. ಅವನ ದೊಡ್ಡಪ್ಪ ಸುಳ್ಳು ಪ್ರಮಾಣ ಮಾಡಿ, ಆರು ತಿಂಗಳಲ್ಲಿ ಬಾಯಿ ಸೊಟ್ಟಗಾಗಿ ಮಾತು ಹೋಗಿ ಸತ್ತವರು. ಹಾಗಾಗಿ ಅವನು ಪ್ರಮಾಣವನ್ನು ಅಕ್ಷರ ತಪ್ಪದೆ ಪಾಲಿಸಿದ. ಗಡಿಯೊಳಗೆ ಒಂದು ಪೆಟ್ಟಿಲ್ಲ, ಒಂದು ಬೈಗುಳ ಇಲ್ಲ.

ಹೊರಗೆ ಕೊಟ್ಟ.

ಮೊದಲನೆಯದು ಮೂಡುಬಿದಿರೆಯಲ್ಲಿ, ಒಂದು ಮದುವೆಗೆ ಹೋದಾಗ. ಕಲ್ಯಾಣಮಂಟಪದ ಹಿಂದೆ ಕಾರು ನಿಲ್ಲಿಸಿ, ಕೂದಲು ಹಿಡಿದು ಡ್ಯಾಶ್‌ಬೋರ್ಡಿಗೆ ಹಣೆ ಬಡಿದ. ಕುಂಕುಮ ಸ್ವಲ್ಪ ದೊಡ್ಡದು ಇಟ್ಟುಕೋ ಅಂದ, ಊಟಕ್ಕೆ ಕರೆದುಕೊಂಡು ಹೋದ. ಆಮೇಲೆ ಮಾಣಿ ಎಂಬ ಊರಲ್ಲಿ. ಬೊಂಡದ ಎಳನೀರು ಕುಡಿಯುವ ಎಂದು ಇಳಿಸಿ, ರಬ್ಬರು ತೋಟದ ಒಳಗೆ ನಡೆಸಿ ಬೆಲ್ಟು ಬಿಚ್ಚಿದ. ಮೂರನೆಯದು ಪೊಳಲಿಯಿಂದ ಬರುವಾಗ, ದೇವಿಯ ಪ್ರಸಾದ ಅವಳ ಮಡಿಲಲ್ಲಿ ಇರುವಾಗಲೇ. ಅವತ್ತಿನಿಂದ ಎಡಕಿವಿ ಕೇಳುವುದಿಲ್ಲ.

"ಹದಿನಾಲ್ಕು ತಿಂಗಳಾಯಿತು ನಾನು ಸಂಕ ದಾಟದೆ," ಅಂದಳು ಶಶಿ. "ಹಲ್ಲು ನೋವು ಬಂತು, ಲವಂಗ ಕಚ್ಚಿಕೊಂಡು ಕೂತೆ. ಅಕ್ಕನ ಮಗಳ ಮದುವೆಗೂ ಹೋಗಲಿಲ್ಲ. ಜನ ನನಗೇ ಅಹಂಕಾರ ಅಂತ ಹೇಳ್ತಾರೆ. ಈಗ ನೋಡಿ, ಸಮುದ್ರವೇ ದಾಟಿಸ್ತಾರಂತೆ."

"ಹೋಗಬೇಡ. ಮುಗಿಯಿತು," ಅಂದೆ.

"ಮಾವ ಬಿಡುವುದಿಲ್ಲ. ಮೂರು ವರ್ಷ ಅವನು ಮಾತಿಗೆ ನಿಂತ, ಈಗ ನೀನೂ ಒಂದು ಹೆಜ್ಜೆ ಮುಂದೆ ಬಾ ಅಂತಾರೆ. ನಾನು ಹೋಗದಿದ್ದರೆ ತಪ್ಪು ನನ್ನದಂತೆ. ಮುಂದಿನ ನೇಮದಲ್ಲಿ ಗಂಡನ ಪ್ರಮಾಣ ಬಿಡಿಸಿಕೊಡ್ತಾರಂತೆ." ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಪ್ರಮಾಣ ಬಿಡಿಸಿದರೆ ಈ ಮನೆಯೂ ಹೋಯಿತು ಟೀಚರ್. ದ್ವೀಪಕ್ಕೆ ಹೋದರೆ ನಾನೇ ಹೋದೆ. ಇಷ್ಟು ದಿನದ್ದು ಎಲ್ಲ ಅಲ್ಲಿ ಒಟ್ಟಿಗೆ ಕೊಡ್ತೇನೆ ಅಂತ ಇವರು ಬಲಕಿವಿಯಲ್ಲಿ ಹೇಳಿದ್ದಾರೆ. ಕೇಳುವ ಕಿವಿ ಯಾವುದು ಅಂತ ಅವರಿಗೆ ಗೊತ್ತುಂಟಲ್ಲ."

ಪೊಲೀಸರನ್ನು ಕರೆಯುವ ಅಂದೆ. ಬಂದು ನೋಡಿದರೆ ಇಲ್ಲಿ ಎಂತ ಕಾಣ್ತದೆ, ಒಂದು ಹೊಸ ಗಾಯ ಇಲ್ಲ, ಇಡೀ ಊರು ಅವರ ಪರ ಸಾಕ್ಷಿ ಹೇಳ್ತದೆ ಅಂದಳು. ಆಮೇಲೆ ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದಳು.

"ಆ ಅಡುಗೆಮನೆಯ ಮೇಲಿನ ಕೋಣೆ ತೋರಿಸಿ."

ತೋರಿಸಿದೆ. ತೆಳು ಹಲಗೆಯ ನೆಲ, ಒಂದು ಮಂಚ, ಕಿಟಕಿಯಲ್ಲಿ ಸಮುದ್ರ. ಕೆಳಗೆ ಒಬ್ಬರು ದೂರು ಬರೆದಿದ್ದರು: ಬೆಳಿಗ್ಗೆ ಐದಕ್ಕೇ ಪಾತ್ರೆಯ ಸದ್ದು, ಮನೆಯವರ ಮಾತು, ನಿದ್ದೆ ಇಲ್ಲ. ಶಶಿ ಅದನ್ನು ಮೂರು ಸಲ ಓದಿಸಿದಳು. ಗಂಡ ಬೇರೊಂದನ್ನು ಎರಡು ಸಲ ಓದಿಸಿದ್ದ.

"ಕೆಳಗಿನ ಪಾತ್ರೆ ಸದ್ದು ಮೇಲೆ ಕೇಳಿದರೆ, ಮೇಲಿನ ಸದ್ದು ಕೆಳಗೆ ಕೇಳಬಹುದಲ್ಲ ಟೀಚರ್?"

ನನ್ನ ಆಫೀಸಿಗೆ ಬರುವವರು ರೂಮಿನಿಂದ ಕಡಲು ಕಾಣಬೇಕು ಅನ್ನುತ್ತಾರೆ, ತಿಂಡಿ ಸೇರಿದೆಯಾ ಅನ್ನುತ್ತಾರೆ. ತನ್ನ ಕೂಗು ಯಾರಿಗಾದರೂ ಕೇಳುವ ಕೋಣೆ ಬೇಕು ಎಂದವಳು ಇವಳೊಬ್ಬಳೇ. ನನಗೆ ಅಳು ಬರಲಿಲ್ಲ. ಯಾರಿಗಾದರೂ ಹೊಡೆಯಬೇಕು ಅನಿಸಿತು.

ಅಷ್ಟರಲ್ಲಿ ಮುಂಡಪ್ಪ ಶೆಟ್ಟರು ಅಂಗಳದಿಂದ ಬಂದು ಚಾವಡಿಯಲ್ಲಿ ಕೂತರು. ನಾನು ಬಿಡಲಿಲ್ಲ. ಮೂಡುಬಿದಿರೆ, ಮಾಣಿ, ಪೊಳಲಿ ಮೂರನ್ನೂ ಅವರ ಎದುರಿಗಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

"ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಟೀಚರೇ. ನಾನು ಪ್ರಮಾಣ ಮಾಡಿಸಲಿಲ್ಲವಾ? ಮೂರು ವರ್ಷ ಇಲ್ಲಿ ಒಂದು ಪೆಟ್ಟು ಬಿದ್ದಿದೆಯಾ, ಕೇಳಿ ಅವಳಲ್ಲಿ."

"ಈ ಮಣ್ಣಿನಲ್ಲಿ ಅಂತ ಯಾಕೆ ಸೇರಿಸಿದ್ರಿ? ಎಲ್ಲಿಯೂ ಕೈ ಎತ್ತುವುದಿಲ್ಲ ಅಂತ ಹೇಳಿಸಬಹುದಿತ್ತಲ್ಲ?"

"ಅವನೂ ಗಂಡಸಲ್ಲವಾ ಮಾರಾಯ್ರೆ. ಪೂರ್ತಿ ಕಟ್ಟಿ ಹಾಕಿದರೆ ಅವನು ಪ್ರಮಾಣಕ್ಕೆ ಕೈ ಒಡ್ಡುತ್ತಿದ್ದನಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುದುಕರು ಗಡಿಯ ಮಾತನ್ನು ಗೊತ್ತಿದ್ದೇ ಸೇರಿಸಿದ್ದರು. ಅಳಿಯನಿಗೆ ಹೊಡೆಯಲು ಸ್ವಲ್ಪ ಜಾಗ ಬಿಟ್ಟುಕೊಟ್ಟಿದ್ದರು. ನಾನು ಲ್ಯಾಪ್‌ಟಾಪು ಮುಚ್ಚಿ ಎದ್ದೆ. ಇನ್ನೊಂದು ನಿಮಿಷ ಕೂತಿದ್ದರೆ ಅವರ ವಯಸ್ಸು ನೋಡುತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಶುದ್ಧ ಮೂರ್ಖತನ. ಶುಕ್ರವಾರ ಬೆಳಿಗ್ಗೆ ಶೋಧನ್ ಹೆಂಡತಿಯನ್ನು ಕರೆದುಕೊಂಡು ಆಫೀಸಿಗೆ ಬರುವುದೆಂದು ಮಾತಾಗಿತ್ತು. ವಿಮೆಯ ಕಾಗದಕ್ಕೆ ಅವಳ ಸಹಿ ಬೇಕಿತ್ತು. ಕಾಗದ ಮನೆಗೇ ಕೊಡ್ತೇನೆ ಎಂದರೂ ಅವನು ಕೇಳಲಿಲ್ಲ. ಶಶಿ ನನಗೆ ಫೋನು ಮಾಡಿ, ಮಾವನೂ ಕಾರಲ್ಲಿ ಒಟ್ಟಿಗೆ ಬರ್ತಾರೆ, ಅವರಿದ್ದರೆ ಹೆದರಿಕೆ ಇಲ್ಲ ಅಂದಳು. ಅವರು ಬರುವ ಮೊದಲೇ ಬದಲಾಯಿಸಿಬಿಡುವ ಎಂದು ನಾನು ಬೆಟ್ಟದ ಮನೆಯನ್ನು ರದ್ದು ಮಾಡಿ, ಅಡುಗೆಮನೆಯ ಮೇಲಿನ ಕೋಣೆ ಹಿಡಿದೆ. ಬೆಟ್ಟದ್ದು ಸಿಗಲಿಲ್ಲ ಎಂದು ಅವನಿಗೆ ಸುಳ್ಳು ಹೇಳುವುದೆಂದು ಲೆಕ್ಕ ಹಾಕಿದ್ದೆ. ಒತ್ತಿದ ಮೇಲೆ ಪರದೆಯಲ್ಲಿ ಬಂತು: ಬದಲಾವಣೆಯ ವಿವರವನ್ನು ಅತಿಥಿಯ ಮೊಬೈಲಿಗೂ ಕಳಿಸಲಾಗಿದೆ. ನಿಮ್ಮ ಕೋರಿಕೆಯಂತೆ ರದ್ದು ಮಾಡಲಾಗಿದೆ ಎಂದೇ ಅದರಲ್ಲಿ ಬರೆದಿತ್ತು.

ಅತಿಥಿಯ ಮೊಬೈಲು ಶೋಧನನದ್ದು. ಗಂಟೆ ಹತ್ತೂಕಾಲು. ಅವರು ಮನೆಯಿಂದ ಹೊರಡುವ ಹೊತ್ತು.

ಶಶಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕಾರು ತೆಗೆದೆ. ಏಳು ಕಿಲೋಮೀಟರನ್ನು ಹೇಗೆ ಓಡಿಸಿದೆನೋ ಗೊತ್ತಿಲ್ಲ, ಒಬ್ಬ ಬೈಕಿನವನ ಬೈಗುಳ ಮಾತ್ರ ಕಿವಿಯಲ್ಲಿ ಉಳಿದಿದೆ.

ಸಂಕದ ಹೊರಬದಿಯಲ್ಲಿ, ಗೇರುಮರದ ಅಡಿ, ಅವನ ಕಾರು ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಅವನು ಗಡಿ ದಾಟುವ ತನಕ ಕಾದು, ದಾಟಿದ ಕೂಡಲೇ ನಿಲ್ಲಿಸಿದ್ದ. ಶಶಿ ನೆಲದಲ್ಲಿದ್ದಳು. ಅವನು ಎಡಗೈಯಲ್ಲಿ ಅವಳ ಜಡೆಯನ್ನು ಎರಡು ಸುತ್ತು ಸುತ್ತಿ ಹಿಡಿದುಕೊಂಡು ಬಲಗೈಯಿಂದ ಮುಖಕ್ಕೆ ಹೊಡೆಯುತ್ತಿದ್ದ. ಕೂಗಾಟ ಇಲ್ಲ. ಅವನು ಹೊಡೆಯುತ್ತಾ ಮಾತಾಡುತ್ತಿದ್ದ, ಅಷ್ಟೇ ಮೆತ್ತಗೆ. "ಅಡುಗೆಮನೆ ಬೇಕಾ ನಿನಗೆ? ಜನ ಬೇಕಾ?" ಪ್ರತಿ ಪ್ರಶ್ನೆಗೆ ಒಂದು. ಅವಳ ಮೂಗಿನಿಂದ ರಕ್ತ ಬಂದು ಸೀರೆಯ ಮುಂಭಾಗ ಒದ್ದೆಯಾಗಿತ್ತು. ಆಮೇಲೆ ಜಡೆ ಬಿಟ್ಟು, ಬಿದ್ದವಳ ಪಕ್ಕೆಗೆ ಶೂಸಿನ ಕಾಲಿಂದ ಒದ್ದ.

ಮುಂದಿನ ಸೀಟಿನಲ್ಲಿ ಮುಂಡಪ್ಪ ಶೆಟ್ಟರು ಬೆಲ್ಟು ಹಾಕಿಕೊಂಡು ಕೂತಿದ್ದರು. ಎದುರಿನ ರಸ್ತೆ ನೋಡುತ್ತಿದ್ದರು.

ನನ್ನ ಚೀಲದಲ್ಲಿ ಒಂದು ಲೀಟರಿನ ಸ್ಟೀಲು ಬಾಟ್ಲಿ ಇತ್ತು, ನೀರು ತುಂಬಿದ್ದು. ಚೀಲವನ್ನು ಹಾಗೆಯೇ ಬೀಸಿದೆ. ಅವನ ಭುಜಕ್ಕೆ ತಾಗಿತು. ತಲೆಗೆ ಬೀಸಿದ್ದ ನನಗೆ ಬೇಸರವಾಯಿತು. ಅವನು ತಿರುಗಿ ನನ್ನನ್ನು ಒಂದೇ ಕೈಯಲ್ಲಿ ನೂಕಿದ. ನಾನು ಜಲ್ಲಿಕಲ್ಲಿನ ಮೇಲೆ ಬಿದ್ದೆ, ಮೊಣಕಾಲಿನ ಚರ್ಮ ಎದ್ದಿತು. ಅಷ್ಟು ಹೊತ್ತು ಶಶಿಗೆ ಸಾಕಾಯಿತು. ಅವಳು ಎದ್ದು ಸಂಕದ ಕಡೆಗೆ ಓಡಿದಳು.

ಓಟ ಅಂದರೆ ಓಟ ಅಲ್ಲ. ಪಕ್ಕೆ ಹಿಡಿದುಕೊಂಡು, ತಡವರಿಸಿ, ನಡುವಲ್ಲಿ ಒಮ್ಮೆ ಬಿದ್ದು. ಅವನು ಹಿಂದಿನಿಂದ ಹೋದ. ಕಡೆಯ ಹತ್ತು ಅಡಿಯನ್ನು ಅವಳು ಅಂಬೆಗಾಲಿನಲ್ಲೇ ದಾಟಿ, ಸುಣ್ಣದ ಗಡಿಕಲ್ಲಿನ ಪಕ್ಕದಿಂದ ಒಳಗೆ ಹೋಗಿ ಬಿದ್ದಳು. ಅವನೂ ಅದೇ ವೇಗದಲ್ಲಿ ಕಲ್ಲು ದಾಟಿದ. ಮುಷ್ಟಿ ಕಟ್ಟಿದ ಬಲಗೈ ತಲೆಯ ಮೇಲೆ ಹೋಗಿತ್ತು. ಅಲ್ಲೇ ನಿಂತಿತು.

ನಾನು ಕುಂಟುತ್ತಾ ಬರುತ್ತಿದ್ದೆ, ಕಣ್ಣಾರೆ ನೋಡಿದೆ. ಅವನು ಕಲ್ಲು ನೋಡಿದ, ತನ್ನ ಕೈ ನೋಡಿದ. ಎಲ್ಲಿದ್ದೇನೆ ಎಂದು ಗೊತ್ತಾದ ಕೂಡಲೇ ಕೈ ಇಳಿಸಿದ, ಶರ್ಟಿನ ತೋಳು ಸರಿಮಾಡಿಕೊಂಡ. ಮುಖ ಬದಲಾಯಿತು. ಮೂರು ವರ್ಷದಿಂದ ಊರಿಡೀ ಹೊಗಳುತ್ತಿದ್ದ ಅಳಿಯನ ಮುಖ ಅದು.

"ಏಳು ಶಶಿ," ಅಂದ. "ಮನೆಗೆ ಹೋಗಿ ಮುಖ ತೊಳೆದುಕೊಂಡು ಬಾ. ಸಹಿ ಮಾಡ್ಲಿಕ್ಕುಂಟು." ನನ್ನ ಕಡೆ ತಿರುಗಿದ. "ಬುಕಿಂಗ್ ಸರಿ ಮಾಡಿ ಮೇಡಂ. ಬೆಟ್ಟದ್ದೇ ಇರಲಿ."

ನನ್ನ ತಲೆಯೊಳಗೆ ಏನೋ ಹರಿಯಿತು. ಆದರೆ ಈ ಸಲ ಕೈ ಏಳಲಿಲ್ಲ. ನನಗೆ ಅವನ ಹತ್ತಿರ ಕೇಳುವುದು ಏನೂ ಉಳಿದಿರಲಿಲ್ಲ. ಶಶಿಯ ಹತ್ತಿರ ಕೂತೆ.

"ನೀನು ಹೇಳು," ಅಂದೆ. "ಎಲ್ಲಿ ಉಳಿಯುವುದು? ಅವನಲ್ಲ, ಮಾವ ಅಲ್ಲ. ನಿನಗೆ ಎಲ್ಲಿ ಬೇಕು ಹೇಳು, ಅಲ್ಲಿ ಮಾಡ್ತೇನೆ."

ಅವಳು ಅವನ ಬಲಗೈಯನ್ನೇ ನೋಡುತ್ತಿದ್ದಳು. ಅದು ತೊಡೆಯ ಪಕ್ಕ ಜೋತು ಬಿದ್ದಿತ್ತು. ನೋಡಿದಳು, ಕಲ್ಲನ್ನು ನೋಡಿದಳು, ಮತ್ತೆ ಕೈ ನೋಡಿದಳು. ಕ್ಲಾಸಿನಲ್ಲಿ ಲೆಕ್ಕ ಹೊಳೆದ ಮಕ್ಕಳ ಮುಖ ನಾನು ಸಾವಿರ ಸಲ ನೋಡಿದವಳು. ಅದೇ ಮುಖ.

"ಇಲ್ಲಿ," ಅಂದಳು.

ರಸ್ತೆ ಬದಿಯಲ್ಲಿ ಒಣಗಿದ ತೆಂಗಿನ ಮಡಲುಗಳನ್ನು ಯಾರೋ ಕಡಿದು ರಾಶಿ ಹಾಕಿದ್ದರು. ಅದರ ದಪ್ಪ ಬುಡಕ್ಕೆ ನಾವು ಕೊತ್ತಳಿಗೆ ಅನ್ನುತ್ತೇವೆ, ಮಕ್ಕಳು ಅದನ್ನೇ ಕ್ರಿಕೆಟ್ ಬ್ಯಾಟು ಮಾಡಿಕೊಳ್ಳುತ್ತಾರೆ. ಅವಳು ಒಂದು ಕೊತ್ತಳಿಗೆ ಎತ್ತಿಕೊಂಡಳು. ಬಲ ಮಣಿಕಟ್ಟು ಸೊಟ್ಟ, ಹಾಗಾಗಿ ಎರಡೂ ಕೈಯಲ್ಲಿ ಹಿಡಿದಳು.

ಮೊದಲ ಪೆಟ್ಟು ಮೊಣಕಾಲಿಗೆ. ಅವನಿಗೆ ಆಶ್ಚರ್ಯವೇ ಹೆಚ್ಚಾಯಿತು. "ಶಶೀ, ಎಂತ ಮಾಡ್ತಿ ನೀನು?" ಎರಡನೆಯದು ಪಕ್ಕೆಗೆ, ಅವಳಿಗೆ ಅವನು ಒದ್ದ ಜಾಗಕ್ಕೇ. ಅವನ ಎರಡೂ ಕೈ ಎದ್ದವು, ಕಲ್ಲಿನ ಕಡೆ ಕಣ್ಣು ಹೋಯಿತು, ಕೈ ಇಳಿದವು. ಮೂರನೆಯದಕ್ಕೆ ಕೊತ್ತಳಿಗೆಯ ತುದಿ ಹಿಡಿದುಕೊಂಡ.

"ಹಿಡೀರಿ," ಅಂದಳು ಅವಳು. ಈಗಲೂ ಬಹುವಚನ. "ಕೈ ಎತ್ತಿ. ಎತ್ತಿ ನೋಡುವ."

ಅವನು ಬಿಟ್ಟ. ದೊಡ್ಡಪ್ಪನ ಸೊಟ್ಟ ಬಾಯಿ ಅವನ ಕಣ್ಣೆದುರು ಬಂದಿರಬೇಕು. ನಾಲ್ಕನೆಯದು ಬಾಯಿಗೇ ಬಿತ್ತು. ಮುಂದಿನ ಎರಡು ಹಲ್ಲು ಹೋದವು. ಬಿಳಿ ಶರ್ಟು ಕೆಂಪಾಯಿತು. ಅವನು ತಲೆಗೆ ಎರಡು ಕೈ ಅಡ್ಡ ಹಿಡಿದು ಕೂತ, ಅವಳು ಆ ಕೈಗಳ ಮೇಲೆ ಕೊಟ್ಟಳು. ಗಂಟಿಗೆ, ಬೆರಳಿಗೆ, ಮಣಿಕಟ್ಟಿಗೆ. ಮಣಿಕಟ್ಟಿಗೆ ಎರಡು ಸಲ. "ಮೊದಲ ಸಲ ಮುರಿಯಲಿಲ್ಲ," ಅಂದಳು. ಎರಡನೆಯ ಸಲ ಸದ್ದು ನನಗೂ ಕೇಳಿತು. ಅವನು ಕಿರುಚಿದ. ಹತ್ತಿರದಲ್ಲೇ ನಾಲ್ಕು ಮನೆ, ಜಗಲಿಗೆ ಜನ ಬಂದರು. ಕಿರುಚಿದರೆ ಕೇಳುವ ಜಾಗ ಅದು.

ಅವಳನ್ನು ತಡೆಯಬೇಕಿತ್ತು ಎಂದು ಆಮೇಲೆ ಕೆಲವರು ನನಗೆ ಬುದ್ಧಿ ಹೇಳಿದರು. ನಾನು ತಡೆಯಲಿಲ್ಲ. ನನಗೆ ಖುಷಿಯಾಯಿತು. ಪೆಟ್ಟಿನಿಂದ ಯಾರಿಗೂ ಬುದ್ಧಿ ಬರುವುದಿಲ್ಲ ಎಂದು ಇಪ್ಪತ್ತಾರು ವರ್ಷದ ಅನುಭವದಿಂದ ನನಗೆ ಗೊತ್ತು. ಆದರೂ ಖುಷಿಯಾಯಿತು.

ಅವನು ಎದ್ದು ಸಂಕದ ಮೇಲೆ ಓಡಿದ. ಅವಳು ಕಲ್ಲಿನ ತನಕ ಅಟ್ಟಿಕೊಂಡು ಹೋಗಿ ಅಲ್ಲಿ ನಿಂತಳು. ಒಂದು ಹೆಜ್ಜೆ ಆಚೆ ಇಡಲಿಲ್ಲ.

ಮುಂಡಪ್ಪ ಶೆಟ್ಟರು ಈಗ ಕಾರಿನಿಂದ ಇಳಿದು ಬರುತ್ತಿದ್ದರು. ಅವರನ್ನು ದಾಟಿ ಅಳಿಯ ಹೋದ, ಅವರು ಅವನನ್ನು ಹಿಡಿಯಲಿಲ್ಲ. ಸಂಕ ದಾಟಿ ಬಂದು ಅವಳ ಎದುರು ನಿಂತರು.

"ಸಾಕು ಶಶೀ. ದೈವ ನೋಡ್ತದೆ."

"ನೋಡಲಿ ಮಾವ. ಪ್ರಮಾಣ ಮಾಡಿಸಿದ್ದು ಅವರಿಗೆ. ನನಗೆ ಮಾಡಿಸಿದ್ದೀರಾ?"

ಶೆಟ್ಟರು ಮನೆಯ ಕಡೆ ತಿರುಗಿದರು. ಮನೆಗೆ ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕು. ಅವಳು ದಾರಿ ಬಿಟ್ಟಳು. ಅವರು ಎರಡು ಹೆಜ್ಜೆ ಹೋದ ಮೇಲೆ ಹಿಂದಿನಿಂದ ಹೇಳಿದಳು.

"ಮುಂದಿನ ನೇಮದಲ್ಲಿ ಪ್ರಮಾಣ ಬಿಡಿಸ್ತೇನೆ ಅಂದಿದ್ರಲ್ಲ. ಬಿಡಿಸಬೇಡಿ. ಅದು ನನಗೆ ಬೇಕು."

ನಾನು ಅವಳಿಗೆ ಬಾಟ್ಲಿಯ ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ ಕೆಂಪು ನೀರು ಉಗುಳಿದಳು. ಅಂಗೈ ಎರಡೂ ಸುಲಿದಿದ್ದವು. ಬಲ ಅಂಗೈ ಹಿಡಿದು ನೀರು ಹೊಯ್ದೆ. ನೆನಪಿಲ್ಲದ ಆ ಆರು ಪೆಟ್ಟಿಗೆ ಕ್ಷಮೆ ಕೇಳಬೇಕಿತ್ತು, ಅದರ ಬದಲು ಇನ್ನಷ್ಟು ನೀರು ಹೊಯ್ದೆ. ಅವಳು ಕೈ ಎಳೆದುಕೊಳ್ಳಲಿಲ್ಲ, ಅಷ್ಟೇ.

"ಆ ದ್ವೀಪದ್ದು ರದ್ದು ಮಾಡಿ ಟೀಚರ್," ಅಂದಳು. ಮೊಬೈಲಿನಲ್ಲೇ ಮಾಡಿದೆ. ರದ್ದಿಗೆ ಕಾರಣ ಕೇಳಿತು, ಐದಾರು ಉತ್ತರ ಅದೇ ಕೊಟ್ಟಿತ್ತು. ಅನಾರೋಗ್ಯ, ಹವಾಮಾನ, ವೀಸಾ. ಕೊನೆಯಲ್ಲಿ ಒಂದಿತ್ತು: ಬೇರೆ ಕಡೆ ಉಳಿಯಲು ತೀರ್ಮಾನಿಸಿದ್ದೇವೆ. ಅದನ್ನು ಒತ್ತಿದೆ.

ಸಂಕದ ಹೊರಬದಿಯಲ್ಲಿ ಅವನು ಇನ್ನೂ ನಿಂತಿದ್ದ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಕಾರಿಗೆ ಒರಗಿ. ಅವನ ಬಟ್ಟೆಬರೆ, ಔಷಧಿ, ಎಲ್ಲ ಹೊಳೆಯ ಈಚೆ ಅವಳ ಮನೆಯಲ್ಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದಲೇ ಕರೆದ. ಹಲ್ಲು ಹೋದ ಬಾಯಿಯಲ್ಲೂ ಅದೇ ಮೆತ್ತಗಿನ ದನಿ.

"ಶಶೀ, ಆದದ್ದು ಆಯಿತು. ಈಚೆ ಬಾ, ಕೂತು ಮಾತಾಡುವ."

ಶಶಿ ಗಡಿಕಲ್ಲಿನ ಮೇಲೆ ಕೂತಳು. ಕೊತ್ತಳಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು.

"ನೀವೇ ಬನ್ನಿ," ಅಂದಳು. "ಇಲ್ಲಿ ಮಾತಾಡುವ."

ಅವನು ಬರಲಿಲ್ಲ.